ಊರು ಬಂದರೆ ಏರುವ ಮುಳ್ಳು

ಗುಡಗೇರಿಯ ಕಾಳಿನ ವ್ಯಾಪಾರಿ ಮಡಿವಾಳೆಪ್ಪನಿಗೆ ಲಾರಿ ಇಟ್ಟುಕೊಳ್ಳುವ ಆಸೆ ಬಹಳ. ಲಾರಿಯಲ್ಲಿ ಕೂಡುವ ಹೊಟ್ಟೆ ಮಾತ್ರ ಅವನಿಗಿರಲಿಲ್ಲ. ಗಾಡಿ ಊರ ಅಗಸಿ ದಾಟುವುದರೊಳಗೆ ಅವನ ಮುಖ ಬಿಳಚಿಕೊಳ್ಳುತ್ತಿತ್ತು. ಸಂಶಿ ಬರುವುದರೊಳಗೆ ಬೆಳಗಿನ ರೊಟ್ಟಿ ವಾಪಸು ಬರುತ್ತಿತ್ತು. ಲಾರಿ ಕೊಂಡ ಹೊಸದರಲ್ಲಿ ಒಂದೆರಡು ಸಲ ಹಟ ಹಿಡಿದು ಹುಬ್ಬಳ್ಳಿತನಕ ಹೋಗಿಬಂದ. ಆಮೇಲೆ ಅಂಗಡಿಯ ಗಾದಿಯ ಮೇಲೆ ಕೂತು, "ಇನ್ನ ಗಾಡಿ ಕಾರಬಾರ ನೀ ನೋಡ, ಅಂಗಡಿ ನಾ ನೋಡತೇನಿ" ಎಂದು ಹೆಂಡತಿಗೆ ಹೇಳಿಬಿಟ್ಟ.

ಹೀಗೆ ರೇವವ್ವ ಲಾರಿಯ ಒಡತಿಯಾದಳು. ಮೊದಮೊದಲು ಸೆರಗು ಹೊದ್ದು ಬಾಗಿಲಿಗೆ ಅಂಟಿಕೊಂಡು ಕೂಡುತ್ತಿದ್ದವಳು ವರ್ಷ ತುಂಬುವುದರೊಳಗೆ ಯಾವ ಏರಿಗೆ ಯಾವ ಗೇರು ಬೀಳಬೇಕೆಂದು ಡ್ರೈವರನಿಗೇ ಹೇಳತೊಡಗಿದ್ದಳು. ಕುಂದಗೋಳದ ಮೆಣಸಿನಕಾಯಿ, ಗುಡಗೇರಿಯ ಜೋಳ ಹೇರಿಕೊಂಡು ಹೋಗಿ ಕಲಘಟಗಿ ಕಡೆಯ ಅಕ್ಕಿ ತರುವುದು ಆ ಲಾರಿಯ ಕೆಲಸ. ಉದ್ದ ಮೂತಿಯ ಹಳೆಯ ಗಾಡಿ. ಅದರ ಪೆಟ್ರೋಲ್ ಇಂಜಿನ್ನು ಎಷ್ಟು ಕುಡಿದರೂ ಸಾಲದೆನ್ನುವ ಜಾತಿಯದು. ಕೊನೆಗೆ ಗಂಡ ಹೆಂಡತಿ ಇಬ್ಬರೂ ಕೂಡಿ ವಿಚಾರ ಮಾಡಿ, ಹುಬ್ಬಳ್ಳಿಯ ಗುಜರಿಯಿಂದ ಒಂದು ಡೀಸೆಲ್ ಇಂಜಿನ್ ತರಿಸಿ, ಕುಂದಗೋಳದ ಲಕ್ಷ್ಮಣಪ್ಪ ಮಿಸ್ತ್ರಿಯ ಕೈಗೆ ಒಪ್ಪಿಸಿದರು.

ಲಕ್ಷ್ಮಣಪ್ಪನ ಗ್ಯಾರೇಜೆಂದರೆ ರಸ್ತೆ ಬಾಜುವಿನ ಒಂದು ದೊಡ್ಡ ಬೇವಿನಮರ. ಮರದ ಕೊಂಬೆಗೆ ಸರಪಳಿ ಕಟ್ಟಿ ಅವನು ಹಳೆಯ ಇಂಜಿನ್ ಮೇಲೆತ್ತಿದ ದಿನ ಅರ್ಧ ಊರು ನೋಡಲು ನೆರೆದಿತ್ತು. ಹೊಸದು ಕೆಳಗಿಳಿದು ತನ್ನ ರಬ್ಬರಿನ ಗಾದಿಗಳ ಮೇಲೆ ಕೂತಾಗ ಯಾರೋ ತೆಂಗಿನಕಾಯಿಯನ್ನೂ ಒಡೆದರು. ಲಕ್ಷ್ಮಣಪ್ಪ ಕೈ ಒರೆಸಿಕೊಳ್ಳುತ್ತ, "ನನ್ನ ಫಿಟಿಂಗ್ ನೋಡ್ರಿ ಅಕ್ಕಾರ. ಕಂಪನಿಯಾವ್ರು ಬಂದು ನೋಡಿದ್ರೂ ಇದು ಇಲ್ಲೇ ಹುಟ್ಟಿದ ಇಂಜಿನ್ ಅನ್ನಬೇಕು" ಎಂದ. ಡೀಸೆಲ್ ಇಂಜಿನ್ ನಿಲ್ಲಿಸಲು ಒಂದು ಜಗ್ಗುವ ಗುಂಡಿ ಬೇಕಲ್ಲ, ಸ್ಟಾಪರ್ ಅನ್ನುತ್ತಾರೆ. ಹಳೆಯ ಗಾಡಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅವನು ರೇವವ್ವ ಕೂಡುವ ಕಡೆ ಒಂದು ತೂತು ಕೊರೆದು, ಅಲ್ಲಿಂದ ಇಂಜಿನ್ನಿಗೆ ಕಬ್ಬಿಣದ ತಂತಿ ಎಳೆದು, ಗುಂಡಿಯನ್ನು ಅಲ್ಲಿ ಕೂಡಿಸಿದ. ಇದು ಮಾತ್ರ ರೇವವ್ವನಿಗೆ ಅಗದಿ ಮನಸ್ಸಿಗೆ ಬಂತು. ಚಾಲೂ ಮಾಡುವುದು ಡ್ರೈವರನ ಕೈಲಿದ್ದರೂ ಬಂದ್ ಮಾಡುವ ಅಧಿಕಾರ ತನ್ನ ಕೈಗೆ ಬಂತಲ್ಲ ಎಂದು. ಅದೇ ಖುಷಿಯಲ್ಲಿ ಗಾಡಿಗೆ ಒಂದು ಜೋಡಿ ಹಾರ್ನನ್ನೂ ಹಾಕಿಸಿದಳು. ಅದರ ಕೂಗಿಗೆ ಹೊಲದಲ್ಲಿದ್ದ ಎತ್ತುಗಳೂ ತಿರುಗಿ ನೋಡಬೇಕು, ಅಂಥದ್ದು.

ಡ್ರೈವರ್ ನಿಜಾಮಸಾಬ ವಯಸ್ಸಾದ ಮನುಷ್ಯ. ಮಾತು ಕಡಿಮೆ, ಅಂಜಿಕೆ ಜಾಸ್ತಿ. ಆ ಅಂಜಿಕೆಗೆ ಕಾರಣವಿತ್ತು. ಹಿಂದೆ ಬೇರೊಬ್ಬರ ಲಾರಿ ಓಡಿಸುವಾಗ ಅವನೊಮ್ಮೆ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋದದ್ದನ್ನು ನೋಡಿಯೂ, "ಊರು ಇಲ್ಲೇ ಐತಲ್ಲ" ಎಂದು ಹಾಗೆಯೇ ಹೊಡೆದುಕೊಂಡು ಹೋಗಿದ್ದ. ಊರು ಬರಲಿಲ್ಲ, ಇಂಜಿನ್ನು ಸುಟ್ಟು ಸೀಳಿ ನಡುರಸ್ತೆಯಲ್ಲಿ ನಿಂತಿತು. ಮಾಲಕ ಕೆಲಸದಿಂದ ತೆಗೆದ. ಅಂದಿನಿಂದ ನಿಜಾಮಸಾಬ ರಸ್ತೆ ನೋಡುವುದಕ್ಕಿಂತ ಆ ಮುಳ್ಳು ನೋಡುವುದೇ ಹೆಚ್ಚಾಗಿತ್ತು. ಅವನ ಪಾಲಿಗೆ ಇಂಜಿನ್ನು ಸುಳ್ಳು ಹೇಳಬಹುದು, ಮಿಸ್ತ್ರಿ ಸುಳ್ಳು ಹೇಳಬಹುದು, ಮುಳ್ಳು ಹೇಳುವುದಿಲ್ಲ.

ಹೊಸ ಇಂಜಿನ್ನಿನ ಮೊದಲ ಪ್ರಯಾಣ. ಗುಡಗೇರಿಯಿಂದ ಜೋಳ ಹೇರಿಕೊಂಡು ಹೊರಟರು. ಬಯಲಿನಲ್ಲಿ ಮುಳ್ಳು ನಡುಮಧ್ಯೆ ಸಂಭಾವಿತನಂತೆ ನಿಂತಿತ್ತು. ಸಂಶಿಯೊಳಗೆ ಹೊಕ್ಕು, ದನ ಮಂದಿ ಚಕ್ಕಡಿಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಿರುವಾಗ ಅದು ಮೆಲ್ಲಗೆ ಮೇಲೇರತೊಡಗಿತು. ಊರ ನಡುವಿಗೆ ಬರುವಷ್ಟರಲ್ಲಿ ಕೆಂಪು ಮುಟ್ಟಿತು.

"ಅಕ್ಕಾರ, ಜಗ್ಗ್ರಿ, ಸ್ಟಾಪರ್ ಜಗ್ಗ್ರಿ!" ಎಂದು ನಿಜಾಮಸಾಬ ಕೂಗಿಕೊಂಡ.

ರೇವವ್ವ ಜಗ್ಗಿದಳು. ನಿಜಾಮಸಾಬ ಕೆಳಗಿಳಿದು, ಗೋಣೀಚೀಲ ಕೈಗೆ ಸುತ್ತಿಕೊಂಡು, ಮುಖ ಅತ್ತ ತಿರುಗಿಸಿ, ಪಟಾಕಿಗೆ ಬೆಂಕಿ ಹಚ್ಚುವವನ ಹಾಗೆ ರೇಡಿಯೇಟರಿನ ಮುಚ್ಚಳ ತೆಗೆದ. ಉಗಿಯಿಲ್ಲ, ಸದ್ದಿಲ್ಲ. ನೀರು ಕಂಠಮಟ್ಟ ತುಂಬಿತ್ತು. ಬೆರಳು ಅದ್ದಿ ನೋಡಿದ. ಸ್ನಾನಕ್ಕೆ ಆಗುವಷ್ಟು ಬಿಸಿ, ಅಷ್ಟೇ.

"ಏನಾತೋ?" ಎಂದಳು ರೇವವ್ವ.

"ಉಗಿ ಒಳಗ ಅಡಗಿ ಕುಂತೈತ್ರಿ. ಇಂಥಾದ್ದು ಭಾಳ ಕೆಟ್ಟದ್ದು."

ಆ ದಿನ ಅವರು ಸಂಶಿಯಲ್ಲಿ ನಿಂತರು, ಕುಂದಗೋಳದಲ್ಲಿ ನಿಂತರು, ಶೆರೇವಾಡದಲ್ಲಿ ನಿಂತರು. ಎಲ್ಲ ಕಡೆಯೂ ಅದೇ. ಬಯಲಿನಲ್ಲಿ ಮುಳ್ಳು ಇಳಿಯುವುದು, ಊರು ಬಂತೆಂದರೆ ಏರುವುದು. ನಿಂತು ತಣ್ಣಗಾಗಿಸಿದ ಮೇಲೆ ಸ್ಟಾರ್ಟರು ಒದ್ದಾಡುತ್ತ, ಮುಲುಗುತ್ತ, ಒಂದೊಂದು ಸಲ ಮಂದಿಯಿಂದ ನೂಕಿಸಿಕೊಂಡು ಇಂಜಿನ್ನು ಚಾಲೂ ಆಗುತ್ತಿತ್ತು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಮಾರುಕಟ್ಟೆಯ ವ್ಯಾಪಾರ ಮುಗಿದು ದಲಾಲರು ಮನೆಗೆ ಹೋಗಿದ್ದರು.

ಲಕ್ಷ್ಮಣಪ್ಪನಿಗೆ ಈ ಮಾತು ಹೇಳಿದ್ದೇ ತಡ, ಅವನು ಉರಿದುಬಿದ್ದ. "ಇಂಜಿನ್ ಅಗದಿ ಸರಿ ಐತಿ. ಮುಳ್ಳು ಸುಳ್ಳ ಹೇಳತೈತಿ."

"ಮುಳ್ಳಿಗೇನ ಸುಳ್ಳು ಹೇಳಿ ಆಗಬೇಕಾಗೇತಿ? ಅದಕ್ಕೇನ ಹೆಂಡ್ತಿ ಮಕ್ಕಳ ಅದಾವೇನ?" ಎಂದ ನಿಜಾಮಸಾಬ.

ಇಂಜಿನ್ನಿನ ತಲೆಯಲ್ಲಿ ಒಂದು ಹಿತ್ತಾಳೆಯ ಬಲ್ಬು ಇರುತ್ತದೆ. ಬೆಳಕು ಕೊಡುವ ಬಲ್ಬಲ್ಲ; ನೀರಿನ ಬಿಸಿ ಎಷ್ಟೆಂದು ತಿಳಿದು ತಂತಿಯ ಮುಖಾಂತರ ಮೀಟರಿಗೆ ಹೇಳುವಂಥದ್ದು. ಲಕ್ಷ್ಮಣಪ್ಪನಿಗೆ ಅದರ ಮೇಲೆ ಗುಮಾನಿ ಬಂತು. ಅದನ್ನು ಬಿಚ್ಚಿ, ಉದ್ದ ತಂತಿ ಕಟ್ಟಿ, ಅದರ ಮೈಗೆ ಇನ್ನೊಂದು ತಂತಿ ಸುತ್ತಿ ಗಾಡಿಯ ಚಾಸಿಗೆ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಸಿಕ್ಕಿಸಿ, ಎದುರಿನ ಸಣ್ಣವ್ವನ ಚಹಾದಂಗಡಿಗೆ ನಡೆದ. ಒಲೆಯ ಮೇಲಿನ ಬಿಸಿನೀರಿನ ಕಿಟ್ಲಿಯಲ್ಲಿ ಬಲ್ಬನ್ನು ಇಳಿಬಿಟ್ಟ.

"ಏನ ಮಾಡಾಕತ್ತಿ ನೀ? ಆ ನೀರಾಗ ನಾ ಚಾ ಮಾಡೂದೈತಿ!" ಎಂದು ಸಣ್ಣವ್ವ ಸೌಟು ಎತ್ತಿದಳು.

"ಒಂದ ಗಳಿಗಿ ತಡೀ ಯವ್ವಾ. ನಿಜಾಮಣ್ಣಾ, ಮುಳ್ಳು ಎಲ್ಲೈತಿ?"

"ನಡುವ ಐತಿ… ಏರಾಕತ್ತೇತಿ… ಕೆಂಪಿಗೆ ಬಂತು!" ಎಂದು ಲಾರಿಯಿಂದ ನಿಜಾಮಸಾಬ ಕೂಗಿದ. ಕಿಟ್ಲಿ ಆಗಲೇ ಕುದಿಯತೊಡಗಿತ್ತು. ಕೆಳಗಿಳಿಸಿ ತಣ್ಣೀರು ಸುರಿದರೆ ಮುಳ್ಳೂ ಇಳಿಯಿತು. ನಿಜಾಮಸಾಬ ಕ್ಯಾಬಿನ್ನಿನಿಂದ ಜಿಗಿದು ಬಂದ. "ನೋಡ್ರಿ! ಕುದ್ದಾಗ ಕುದ್ದೇನಿ ಅಂತು, ತಣ್ಣಗಾದಾಗ ತಣ್ಣಗಾದೆ ಅಂತು. ಮುಳ್ಳೂ ಖರೇ, ಬಲ್ಬೂ ಖರೇ. ಸುಳ್ಳೆಲ್ಲಾ ನಿನ್ನ ಇಂಜಿನ್ನಿಂದು."

ಲಕ್ಷ್ಮಣಪ್ಪನಿಗೆ ಸಿಟ್ಟು ಬಂತು. ಆದರೂ ಬೇರೆ ಬಲ್ಬು ಹಾಕಿ ನೋಡಿದ. ನೀರಿನ ಕೊಳವೆಗಳನ್ನು ಬಿಚ್ಚಿ ಊದಿ ನೋಡಿದ. ರೇಡಿಯೇಟರನ್ನು ಮಲಗಿಸಿ ಹುಣಸೆಹುಳಿ ಹಾಕಿ ತೊಳೆದ. ಏನು ಮಾಡಿದರೂ ಮರುದಿನ ಸಂಶಿ ಬಂದೊಡನೆ ಮುಳ್ಳು ಮತ್ತೆ ಏರಿತು. ಸ್ಟಾರ್ಟರ್ ಮುಲುಗುವುದನ್ನು ಹೇಳಿದರೆ, "ಅದು ಬ್ಯಾಟರಿ ಹಳೇದು, ಇಳಕಲದಾಗ ನಿಲ್ಲಸ್ರಿ" ಎಂದು ಹೇಳಿ ಕೈ ತೊಳೆದುಕೊಂಡ.

ಈ ನಡುವೆ ರೇವವ್ವ ತನ್ನದೇ ನಿರ್ಣಯಕ್ಕೆ ಬಂದಿದ್ದಳು. "ಮಂದಿ ಇಲ್ಲದಲ್ಲೆ ಇಳೀತೈತಿ, ಮಂದಿ ಕಂಡ್ರ ಏರತೈತಿ. ಇದು ನೆದರಾಗೂದಲ್ದ ಮತ್ತೇನು? ಹೊಸಾ ಇಂಜಿನ್ನು, ಹೊಸಾ ಹಾರ್ನು. ಕಂಡವರ ಕಣ್ಣೆಲ್ಲಾ ಇದರ ಮ್ಯಾಲೇ." ಅಂದಿನಿಂದ ಅವಳು ಪ್ರತಿ ಊರಿನ ಹೊರಗೆ ಗಾಡಿ ನಿಲ್ಲಿಸಿ, ಲಾರಿಯ ಮೂತಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಆಮೇಲೆ ಒಳಗೆ ಹೋಗಲು ಬಿಡುತ್ತಿದ್ದಳು. ಇದನ್ನು ನೋಡಲು ಊರ ಮಂದಿ ಇನ್ನೂ ಹೆಚ್ಚಾಗಿ ಸೇರಿದರು. ರಸ್ತೆ ಬಿಡಿಸಲು ನಿಜಾಮಸಾಬ ಇನ್ನೂ ಉದ್ದಕ್ಕೆ ಹಾರ್ನ್ ಒತ್ತಬೇಕಾಯಿತು. ಮುಳ್ಳು ಇನ್ನೂ ಬೇಗ ಏರಿತು. ರೇವವ್ವನ ನಂಬಿಕೆ ಇನ್ನೂ ಗಟ್ಟಿಯಾಯಿತು.

ಹೀಗಿರುವಾಗ ತಂಬೂರದಲ್ಲಿ ರೇವವ್ವನ ಅಣ್ಣ ಹೊಳೆಪ್ಪನ ಮಗಳ ಮದುವೆ ಗೊತ್ತಾಯಿತು. ಗುಡಗೇರಿಯ ಬೀಗರು ಬಿಜ್ಜರೆಲ್ಲ ಲಾರಿಯಲ್ಲೇ ಹೋಗುವುದೆಂದಾಯಿತು. ಮಡಿವಾಳೆಪ್ಪ, "ಅಂಗಡಿ ಬಿಟ್ಟು ಬರಾಕ ಆಗೂದಿಲ್ಲ" ಎಂದು ಗಂಭೀರವಾಗಿ ಹೇಳಿದ. ಯಾರೂ ಒತ್ತಾಯ ಮಾಡಲಿಲ್ಲ. ಹಿಂದೆ ಹುಲ್ಲು ಹಾಸಿ, ಜಮಖಾನೆ ಹಾಸಿ, ಮಂದಿಯೂ, ಮದುವೆಗೆ ಉಡುಗೊರೆ ಕೊಡುವ ಆಯೇರಿಯ ಕೊಡ ಪಾತ್ರೆಗಳೂ ಏರಿದವು. ಅವರಿಗೆಲ್ಲ ಮುಖಂಡಳು ಮಡಿವಾಳೆಪ್ಪನ ಅಕ್ಕ ಮಹಾದೇವಕ್ಕ. ಅವಳು ಅಂಗಳದಲ್ಲಿ ನಿಂತು ಮಾತಾಡಿದರೆ ರೇಲ್ವೆ ಸ್ಟೇಶನ್ನಿನಲ್ಲಿ ಕೇಳಬೇಕು, ಅಂಥ ಧ್ವನಿ.

ರೇವವ್ವ ಕುಂದಗೋಳದಲ್ಲಿ ಗಾಡಿ ನಿಲ್ಲಿಸಿ ಬೇವಿನಮರದ ಕೆಳಗೆ ಹೋದಳು.

"ಲಕ್ಷ್ಮಣಪ್ಪಾ, ಅಂಗಿ ಹಾಕ್ಕೋ. ನಡಿ."

"ಎಲ್ಲಿಗ್ರಿ?"

"ತಂಬೂರಕ್ಕ. ಮದವೀ ಊಟ ಮಾಡೀಯಂತ. ದಾರಿವಳಗ ನಿನ್ನ ಫಿಟಿಂಗ್ ಏನ ಮಾಡತೈತಿ ಅನ್ನೂದನ್ನ ನಿನ್ನ ಕಣ್ಣೀಲೆ ನೋಡೀಯಂತ."

ಒಲ್ಲೆ ಅನ್ನುವ ಧೈರ್ಯ ಅವನಿಗಾಗಲಿಲ್ಲ. ನಟ್ಟು ತಿರುಗಿಸುವ ಪಾನಾಗಳ ಚೀಲ ಹೆಗಲಿಗೇರಿಸಿ ಕ್ಯಾಬಿನ್ನಿನಲ್ಲಿ ಇಬ್ಬರ ನಡುವೆ ಕೂತ. ಒಂದು ಕಡೆ ಮುಳ್ಳಿನ ಭಕ್ತ, ಇನ್ನೊಂದು ಕಡೆ ಉಪ್ಪಿನ ಗಂಟು. ಹುಬ್ಬಳ್ಳಿ ದಾಟುವತನಕ ಅವನು, "ಇಂಜಿನ್ ತಣ್ಣಗ ಐತಿ, ಹೋಗೂಣು, ನಿಲ್ಲಸಬ್ಯಾಡ್ರಿ" ಎನ್ನುವುದು, ನಿಜಾಮಸಾಬ ನಿಲ್ಲಿಸುವುದು, ಮುಚ್ಚಳ ತೆಗೆಯುವುದು, ಒಳಗೆ ಏನೂ ಇಲ್ಲದಿರುವುದು, ಹಿಂದಿನಿಂದ ಮಹಾದೇವಕ್ಕ, "ಯಾಕ ನಿಂತ್ರ್ಯೋ? ಅಕ್ಕೀಕಾಳ ಬೀಳೂದರಾಗ ಮುಟ್ಟತೇವೋ ಇಲ್ಲೋ, ಇಲ್ಲಾ ಕೂಸಿನ ಹೆಸರಿಡಾಕ ಮುಟ್ಟತೇವೋ?" ಎಂದು ಕೂಗುವುದು, ಇದೇ ನಡೆಯಿತು.

ಕಲಘಟಗಿ ಇನ್ನೂ ಮುಂದಿರುವಾಗ ಒಂದು ಸಣ್ಣ ಊರು ಬಂತು. ಊರ ನಡುವೆ ಒಂದು ಹೆಣದ ಮೆರವಣಿಗೆ ಹೊರಟಿತ್ತು. ನಿಜಾಮಸಾಬ ಹಾರ್ನ್ ಮೇಲಿನ ಕೈ ತೆಗೆದು, ತಲೆಯ ಮೇಲೆ ವಸ್ತ್ರ ಎಳೆದುಕೊಂಡು, ಮೊದಲ ಗೇರಿನಲ್ಲಿ ಮೆರವಣಿಗೆಯ ಹಿಂದೆ ಇರುವೆಯಂತೆ ಗಾಡಿ ಬಿಟ್ಟ. ಸುಡುಸುಡು ಬಿಸಿಲು. ತುಂಬಿದ ಲಾರಿ. ಗಾಳಿಯಿಲ್ಲ. ಯಾವ ಇಂಜಿನ್ನಾದರೂ ಕಾಯುವಂಥ ನಡಿಗೆ. ಮೂವರೂ ಉಸಿರು ಬಿಗಿಹಿಡಿದು ಮುಳ್ಳನ್ನೇ ನೋಡುತ್ತಿದ್ದರು. ಮುಳ್ಳು ನಡುವಿನಿಂದ ಕೂದಲೆಳೆಯಷ್ಟೂ ಅಲುಗಲಿಲ್ಲ.

"ನೋಡಿದ್ರಿ?" ಎಂದು ರೇವವ್ವ ಪಿಸುಗುಟ್ಟಿದಳು. "ದುಃಖದಾಗ ಇದ್ದ ಮಂದಿ ಮತ್ತೊಬ್ಬರ ಗಾಡಿ ನೋಡಿ ಹೊಟ್ಟಿ ಉರಕೊಳ್ಳೂದಿಲ್ಲ."

ಮೆರವಣಿಗೆ ಒಂದು ಕಡೆ ತಿರುಗಿತು. ಊರು ದಾಟಿ ಬಯಲು ಬಂತು. ನಿಜಾಮಸಾಬನಿಗೆ ಎದೆ ಹಗುರಾಯಿತೋ ಏನೋ, ದಾರಿಗಡ್ಡವಿದ್ದ ಒಂದು ಕುರಿಹಿಂಡಿಗೆ ಜೋಡಿ ಹಾರ್ನನ್ನು ಉದ್ದಕ್ಕೆ ಒತ್ತಿದ. ಕುರಿಗಳು ಸಾವಕಾಶವಾಗಿ ಸರಿಯುವ ಜಾತಿಯವು. ಅವನು ಒತ್ತಿಯೇ ಇದ್ದ.

"ಅಯ್ಯ!" ಎಂದಳು ರೇವವ್ವ. "ಮುಳ್ಳು ಏರಾಕತ್ತೇತಿ."

"ಇಲ್ಲಿ ಊರ ಇಲ್ಲಲ್ರಿ" ಎಂದ ಲಕ್ಷ್ಮಣಪ್ಪ.

"ಅದನ್ನ ನಾ ಅನ್ನಾಕತ್ತೇನಿ. ಬರೇ ಕುರಿ ಅದಾವು. ಕುರೀಗೆ ಎಂಥಾ ನೆದರು?" ಅವಳು ಮುಳ್ಳನ್ನೂ ಹಾರ್ನನ್ನೂ ನೋಡಿದಳು. "ನಿಜಾಮಣ್ಣಾ, ಕೈ ತಗೀ."

ತೆಗೆದ. ಸ್ವಲ್ಪ ಹೊತ್ತಿಗೆ ಮುಳ್ಳು ಇಳಿಯಿತು.

"ಇನ್ನೊಮ್ಮೆ ಒತ್ತು."

ಒತ್ತಿದ. ಮುಳ್ಳು ತಡಮಾಡಿ, ಆದರೆ ತಪ್ಪದೆ, ಮೇಲೇರಿತು. ನಡುಬಯಲಿನಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ನನ್ನು ಓಡಲು ಬಿಟ್ಟು, ಅವರು ಒತ್ತುತ್ತ ಬಿಡುತ್ತ ಒತ್ತುತ್ತ ಬಿಡುತ್ತ ನೋಡಿಯೇ ನೋಡಿದರು. ಹೊಲದಲ್ಲಿದ್ದವರು ಏನೋ ಅನಾಹುತವಾಗಿದೆಯೆಂದು ಕುಡುಗೋಲು ಹಿಡಿದೇ ಓಡಿಬಂದರು. ಕುರಿಗಳ ದಿಕ್ಕು ತಪ್ಪಿತು. ಮಹಾದೇವಕ್ಕ ಹಿಂದಿನಿಂದ ಕ್ಯಾಬಿನ್ನಿಗೆ ಕೊಡದಿಂದ ಬಡಿದು, "ಬೇ ರೇವವ್ವಾ, ನಿಮಗ ಹುಚ್ಚ ಹಿಡದೈತೇನ?" ಎಂದು ಕೇಳಿದಳು.

ರೇವವ್ವ ಕೈ ಕಟ್ಟಿಕೊಂಡು ತೀರ್ಪು ಕೊಟ್ಟಳು. "ಹಾರ್ನ್ ಒತ್ತಿದ್ರ ಇಂಜಿನ್ ಕಾಯತೈತಿ."

"ಹಂಗ ಆಗಾಕ ಸಾಧ್ಯನ ಇಲ್ರಿ!" ಎಂದ ಲಕ್ಷ್ಮಣಪ್ಪ. ಕೆಳಗಿಳಿದು ಹಾರ್ನಿನ ತಂತಿ, ಮೀಟರಿನ ತಂತಿ ಎರಡನ್ನೂ ತುದಿಯಿಂದ ತುದಿಗೆ ಕೈಯಾಡಿಸಿ ಹುಡುಕಿದ. ಎಲ್ಲಿಯೂ ಒಂದಕ್ಕೊಂದು ಮುಟ್ಟಿರಲಿಲ್ಲ. ಬೆವರು ಒರೆಸಿಕೊಂಡು ಮೇಲೆ ಬಂದು ಕೂತಾಗ ಅವನ ಮುಖ ಸಣ್ಣದಾಗಿತ್ತು. ಇಷ್ಟು ದಿನ ಅವನಿಗೆ ಮುಳ್ಳು ಸುಳ್ಳೆಂಬ ಸಮಾಧಾನವಾದರೂ ಇತ್ತು. ಈಗ ಸುಳ್ಳಿಗೂ ಒಂದು ನೇಮ ಇದ್ದಂತಾಯಿತು. ಆ ನೇಮ ಅವನಿಗೆ ತಿಳಿಯದಾಯಿತು.

"ಕಾರಣ ಆಮ್ಯಾಲ ಹುಡಕೂಣು. ಇನ್ನ ತಂಬೂರ ಮುಟ್ಟೂತನಾ ಯಾರೂ ಹಾರ್ನ್ ಮುಟ್ಟಬ್ಯಾಡ್ರಿ" ಎಂದಳು ರೇವವ್ವ.

ಆದರೆ ನಡುವೆ ಕಲಘಟಗಿ ಇತ್ತಲ್ಲ, ಅವತ್ತು ಅಲ್ಲಿ ಸಂತೆ. ಬದನೆಕಾಯಿ, ಬಳೆ, ಬಿದಿರಬುಟ್ಟಿ ಎಲ್ಲವೂ ರಸ್ತೆಯ ಮೇಲೇ ಕೂತಿದ್ದವು. ರೇವವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ಕೂಗಿದಳು: "ಅಕ್ಕಾ, ದಾರಿ ಬಿಡಸ್ರಿ!"

ಮಹಾದೇವಕ್ಕನಿಗೆ ಅಷ್ಟೇ ಸಾಕಾಗಿತ್ತು. ಅವಳು ಕ್ಯಾಬಿನ್ನಿನ ಹಿಂದೆ ನಿಂತು, "ಸರೀರಿ! ಸರೀರ್ಯೋ! ಲೇ ಪಟಗಾ ಸುತ್ತಿದಾಂವ, ನಿನಗ ಹೇಳಿದ್ದು!" ಎಂದು ಆರಂಭಿಸಿದಳು. ಉಳಿದವರು ಆಯೇರಿಯ ಕೊಡ, ಪರಾತ, ತಂಬಿಗೆಗಳನ್ನು ಬಡಿಯತೊಡಗಿದರು. ಸಂತೆಯ ಮಂದಿ ಇದು ದೇವರ ಗಾಡಿಯೋ ಸರ್ಕಸ್ಸಿನವರೋ ತಿಳಿಯದೆ ದೂರ ಸರಿಯುವುದನ್ನು ಬಿಟ್ಟು ಹತ್ತಿರ ಬಂದರು.

ಜನರನ್ನು ಸೀಳಿಕೊಂಡು ಒಬ್ಬ ಪೋಲೀಸಪ್ಪ ಲಾರಿಯ ಮುಂದೆ ಬಂದು ನಿಂತ.

"ಗಾಡೀಗೆ ಹಾರ್ನ್ ಇಲ್ಲೇನೋ?"

"ಐತ್ರಿ ಸಾಹೇಬ್ರ. ಜೋಡಿ ಹಾರ್ನ್" ಎಂದ ನಿಜಾಮಸಾಬ.

"ಮತ್ತ ಒತ್ತಾಕ ಏನ ಧಾಡಿ?"

"ಒತ್ತಿದ್ರ ಇಂಜಿನ್ ಕಾಯತೈತ್ರಿ."

ಪೋಲೀಸಪ್ಪ ನಿಜಾಮಸಾಬನ ಬಾಯಿಯ ಹತ್ತಿರ ಮೂಗು ತಂದು ವಾಸನೆ ನೋಡಿದ. ಏನೂ ಇರಲಿಲ್ಲ. "ಇಂಜಿನ್ ಕಾಯೂದಿಲ್ರಿ, ಮುಳ್ಳು ಅಷ್ಟ ಕಾಯತೈತಿ" ಎಂದು ಲಕ್ಷ್ಮಣಪ್ಪ ತಿದ್ದಿದ. ಪೋಲೀಸಪ್ಪ ಅವನ ಬಾಯಿಯ ವಾಸನೆಯನ್ನೂ ನೋಡಿದ.

"ಸಾಹೇಬ್ರ, ನೀವ ಒತ್ತಿ ನೋಡ್ರಿ" ಎಂದಳು ರೇವವ್ವ.

ಅವನು ಕಿಟಕಿಯೊಳಗೆ ಕೈ ಹಾಕಿ ಒತ್ತಿದ. ಕಲಘಟಗಿಯ ಸಂತೆಯ ಮೇಲೆ ಜೋಡಿ ಹಾರ್ನು ಗರ್ಜಿಸಿತು. ಒಂದು ಎಮ್ಮೆ ಹಗ್ಗ ಹರಿದುಕೊಂಡಿತು, ಬದನೆಕಾಯಿ ರಾಶಿ ಕುಸಿಯಿತು. ಒತ್ತಿದ ಕೈ ತೆಗೆಯದೆ ಪೋಲೀಸಪ್ಪ ಮೀಟರು ನೋಡುತ್ತಿದ್ದ. ಮುಳ್ಳು ಮೆಲ್ಲಗೆ ಎದ್ದು, ಕೆಂಪಿನ ಕಡೆ ನಡೆಯಿತು. ಅವನು ಬಿಸಿ ಹಂಚಿನ ಮೇಲಿಂದ ತೆಗೆದಂತೆ ಕೈ ಹಿಂದಕ್ಕೆಳೆದುಕೊಂಡ.

"ಒಡದ ಹಾರೂದಿಲ್ಲಲ್ಲ ಇದು?"

"ಹೇಳಾಕ ಬರೂದಿಲ್ರಿ" ಎಂದಳು ರೇವವ್ವ, ಅತಿ ವಿನಯದಿಂದ.

ಪೋಲೀಸಪ್ಪ ಬಾಯಿಗೆ ಸೀಟಿ ಇಟ್ಟುಕೊಂಡು, ಎರಡೂ ಕೈ ಬೀಸುತ್ತ, ಲಾರಿಯ ಮುಂದೆ ಮುಂದೆ ಓಡಿ ಸಂತೆಯ ಆಚೆ ದಾಟಿಸಿಕೊಟ್ಟ. ಮಂತ್ರಿಗಳ ಕಾರಿಗೂ ಅಂಥ ಮರ್ಯಾದೆ ಸಿಕ್ಕಿರಲಿಕ್ಕಿಲ್ಲ. ಅವರು ತಂಬೂರಕ್ಕೆ ಅಕ್ಕಿಕಾಳು ಬೀಳುವ ಮುಹೂರ್ತಕ್ಕೆ ಸರಿಯಾಗಿ ಮುಟ್ಟಿದರು. ಆಯೇರಿಯ ಪಾತ್ರೆಗಳಲ್ಲಿ ನೆಗ್ಗಿರದ ಒಂದು ಪಾತ್ರೆಯೂ ಉಳಿದಿರಲಿಲ್ಲ. "ಹುಬ್ಬಳ್ಳಿಯೊಳಗ ಈಗ ಹಿಂಥಾ ಡಿಝೈನ ನಡದೈತಿ" ಎಂದು ಮಹಾದೇವಕ್ಕ ಬೀಗರನ್ನು ಒಪ್ಪಿಸಿದಳು.

ಮರುದಿನ ಬೆಳಿಗ್ಗೆ ಹೊರಡುವ ಹೊತ್ತು. ಹೊಳೆಪ್ಪನ ಮನೆಯ ಅಂಗಳ ಸಪಾಟು. ಇಳಿಜಾರು ಹತ್ತಿರದಲ್ಲೆಲ್ಲೂ ಇರಲಿಲ್ಲ. ಉಂಡ ಮಂದಿಗೆ ನೂಕುವ ಮನಸ್ಸೂ ಇರಲಿಲ್ಲ. ನಿಜಾಮಸಾಬ ಸ್ಟಾರ್ಟರ್ ಒತ್ತಿಯೇ ಹಿಡಿದ. ಅದು ಮುಲುಗಿತು, ನರಳಿತು, ತಿರುಗಲೊಲ್ಲದು. ಬಿಟ್ಟು ಮತ್ತೆ ಒತ್ತಿದ. ರೇವವ್ವ ಎಂದಿನಂತೆ ತನ್ನ ಅಧಿಕಾರದ ಗುಂಡಿಯ ಮೇಲೆ ಕೈ ಇಟ್ಟು ಕೂತಿದ್ದಳು.

"ಯವ್ವಾ!" ಎಂದು ಚೀರಿ ಕೈ ಕಿತ್ತುಕೊಂಡಳು. "ಕೈ ಸುಟ್ಟಿತೋ! ಈ ಗುಂಡಿ ಕೆಂಡ ಆಗೇತಿ!"

"ಗುಂಡಿ ಯಾಕ ಕಾಯತೈತ್ರಿ? ಇಂಜಿನ್ನ ಇನ್ನೂ ಚಾಲೂ ಆಗಿಲ್ಲ" ಎಂದ ಲಕ್ಷ್ಮಣಪ್ಪ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ.

"ನೀ ಹಿಡದ ನೋಡ ಮತ್ತ!"

ಅವನು ಹಿಡಿದ. ಎಲೆಯಡಿಕೆ ಬಾಯಿಂದ ಬಿತ್ತು. ಗುಂಡಿಯಿಂದ ಇಂಜಿನ್ನಿಗೆ ಹೋಗುವ ತಂತಿಯ ಮೇಲಿನ ಬಣ್ಣ ಸುಟ್ಟು ಹೊಗೆಯಾಡುತ್ತಿತ್ತು. ಲಕ್ಷ್ಮಣಪ್ಪ ಸುಟ್ಟ ಬೆರಳುಗಳನ್ನು ಬಾಯಲ್ಲಿಟ್ಟುಕೊಂಡು, ಕಣ್ಣು ಅರಳಿಸಿ, ಆ ತಂತಿಯನ್ನೇ ನೋಡುತ್ತ ನಿಂತ. ಆಮೇಲೆ ಹೊಸ ಅಂಗಿಯಲ್ಲೇ ಲಾರಿಯ ಕೆಳಗೆ ತೂರಿಕೊಂಡ.

"ಏನ ಸಿಕ್ಕಿತೋ?" ಎಂದು ರೇವವ್ವ ಬಗ್ಗಿ ಕೇಳಿದಳು.

"ಅಕ್ಕಾರ… ಇಂಜಿನ್ನಿಗೆ ಅರ್ಥ ಇಲ್ಲ."

"ಅದು ನನಗ ಮೊದಲ ದಿನಾನ ತಿಳದೈತಿ. ನಿನ್ನ ಮಾತಿಗೂ ಇಲ್ಲ."

"ಆ ಅರ್ಥ ಅಲ್ರಿ. ಅರ್ಥಿಂಗ್. ಅರ್ಥಿಂಗ್ ಪಟ್ಟಿ!"

ಹೊರಗೆ ಬಂದು, ಮೈಗೆ ಹತ್ತಿದ ಮಣ್ಣು ಕೊಡವುತ್ತ ಅವನು ತಿಳಿಸಿ ಹೇಳಿದ. ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮಾಡಿ ಮತ್ತೆ ಬ್ಯಾಟರಿಗೇ ಮರಳಬೇಕು. ಬ್ಯಾಟರಿಯ ಒಂದು ತುದಿ ಚಾಸಿಗೆ ಕಟ್ಟಿದೆ. ಆದರೆ ಇಂಜಿನ್ನು ಕೂತಿರುವುದು ರಬ್ಬರಿನ ಮೇಲೆ. ಆದ್ದರಿಂದ ಇಂಜಿನ್ನಿಗೂ ಚಾಸಿಗೂ ನಡುವೆ ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದ ಒಂದು ಪಟ್ಟಿ ಇರಬೇಕು. ಅದು ಇರಲಿಲ್ಲ. ಹಳೆಯ ಇಂಜಿನ್ನಿನ ಮೈಗೆ ಅಂಟಿಕೊಂಡೇ ಗುಜರಿಗೆ ಹೋಗಿತ್ತು. ದಾರಿ ಕಾಣದ ಕರೆಂಟು, ಇಂಜಿನ್ನನ್ನೂ ಕ್ಯಾಬಿನ್ನನ್ನೂ ಮುಟ್ಟಿದ್ದ ಸ್ಟಾಪರಿನ ಬಡಪಾಯಿ ತಂತಿಯನ್ನು ಹಿಡಿದು ತೂರಿಕೊಂಡು ಹೋಗುತ್ತಿತ್ತು. ಅದಕ್ಕೇ ಸ್ಟಾರ್ಟರ್ ಮುಲುಗುತ್ತಿದ್ದದ್ದು. ಇಂಜಿನ್ನಿನ ಮೈಗಿರುವ ಡೈನಮೊ ಹಾರ್ನಿಗೆ ಕೊಟ್ಟ ಕರೆಂಟೂ ಇದೇ ತಂತಿಯಿಂದ ಮರಳಬೇಕಿತ್ತು; ಅಷ್ಟು ದೊಡ್ಡ ಹೊರೆ ಬಿದ್ದಾಗ ಆ ಇಕ್ಕಟ್ಟಿನಲ್ಲಿ ಮೀಟರಿನ ಲೆಕ್ಕ ತಪ್ಪಿ ಮುಳ್ಳು ಏರುತ್ತಿತ್ತು. ಸಣ್ಣವ್ವನ ಕಿಟ್ಲಿಯಲ್ಲಿ ಅದೇ ಬಲ್ಬು ಖರೇ ಹೇಳಿದ್ದೂ ಅದಕ್ಕೇ; ಅಲ್ಲಿ ಅವನೇ ಅದರ ಮೈಗೆ ತಂತಿ ಸುತ್ತಿ ಚಾಸಿಗೆ ಸಿಕ್ಕಿಸಿದ್ದ.

"ಅಂದ್ರ ಪಟ್ಟಿ ಹಾಕೂದನ್ನ ನೀ ಮರತಿದ್ದಿ" ಎಂದ ನಿಜಾಮಸಾಬ.

ಲಕ್ಷ್ಮಣಪ್ಪ ಹೊಳೆಪ್ಪನ ಮನೆಯ ತೊಲೆಗಳನ್ನು ಎಣಿಸುವವನಂತೆ ಮೇಲೆ ನೋಡಿದ. "ಮರತಿದ್ದಿಲ್ಲ. ನೆನಪ ಆಗಿದ್ದಿಲ್ಲ."

ರೇವವ್ವನ ಸುಟ್ಟ ಬೆರಳಿಗೆ ಅತ್ತಿಗೆ ಬೆಣ್ಣೆ ಸವರುತ್ತಿದ್ದಳು. ಬೈಯಬೇಕೆಂದು ಬಾಯಿ ತೆರೆದವಳು ಅವನ ಮಣ್ಣಾದ ಮದುವೆಯಂಗಿ ನೋಡಿ, ಅಣ್ಣನ ಕಡೆ ತಿರುಗಿ ತಾಮ್ರ ಕೇಳಿದಳು. ಹೊಳೆಪ್ಪ ಅಟ್ಟದಿಂದ ಪಂಪ್‌ಸೆಟ್ಟಿನ ದಪ್ಪ ತಾಮ್ರದ ವಾಯರು ಇಳಿಸಿಕೊಟ್ಟ. "ಮಗಳನ್ನ ಕೊಟ್ಟು ಒಂದ ದಿನಾ ತುಂಬಿಲ್ಲ, ತಂಗಿ ವಾಯರನ್ನೂ ಒಯ್ಯಾಕತ್ತಾಳ" ಎಂದು ಗೊಣಗುತ್ತಲೇ ಕೊಟ್ಟ. ಲಕ್ಷ್ಮಣಪ್ಪ ಅದನ್ನು ಹಲವು ಪದರು ಮಡಿಸಿ ಹುರಿಗೊಳಿಸಿ, ತುಕ್ಕು ಕೆರೆದು, ಒಂದು ತುದಿ ಇಂಜಿನ್ನಿಗೆ, ಇನ್ನೊಂದು ಚಾಸಿಗೆ ಬಿಗಿದ.

ನಿಜಾಮಸಾಬ ಸ್ಟಾರ್ಟರ್ ಮುಟ್ಟಿದ. ಇಂಜಿನ್ನು ಒಂದೇ ಏಟಿಗೆ ಎದ್ದು ಕೂತಿತು. ಹಾರ್ನ್ ಒತ್ತಿದ. ಒತ್ತಿಯೇ ಹಿಡಿದ. ತಂಬೂರದ ನಾಯಿಗಳೆಲ್ಲ ಬೊಗಳಿ ಸುಸ್ತಾದವು. ಮುಳ್ಳು ನಡುವಿನಲ್ಲಿ ನಿಂತದ್ದು ನಿಂತೇ ಇತ್ತು. ಮಹಾದೇವಕ್ಕ ಬಂದು ಅವನ ಕೈ ಮೇಲೆ ಹೊಡೆದ ಮೇಲೆಯೇ ಅವನು ಬಿಟ್ಟದ್ದು.

ಕಲಘಟಗಿ ದಾಟಿ ಹುಬ್ಬಳ್ಳಿ ಕಡೆಯ ಒಂದು ದೊಡ್ಡ ಏರು ಹತ್ತುತ್ತಿದ್ದರು. ಲಕ್ಷ್ಮಣಪ್ಪನ ಬಾಯಿಗೆ ಬಲ ಮರಳಿತ್ತು. ಫಿಟಿಂಗಿನ ಬಗ್ಗೆ ಮತ್ತೆ ಶುರು ಮಾಡಿದ್ದ. ಹಿಂದೆ ಹೆಂಗಸರು ಹಾಡು ಹೇಳುತ್ತಿದ್ದರು. ಅಷ್ಟರಲ್ಲಿ ನಿಜಾಮಸಾಬ ಹಾಡಿಗೆ ತಾಳ ಹಾಕುತ್ತಿದ್ದ ಬೆರಳು ನಿಲ್ಲಿಸಿದ.

"ಮುಳ್ಳು ಏರಾಕತ್ತೇತಿ."

"ಹಾರ್ನ್ ಒತ್ತಿದೇನು?"

"ಇಲ್ಲ."

"ಹಂಗಾರ ವಾಯರ್ ಸಡಲ ಆಗಿರಬೇಕು. ಮುಳ್ಳು ಮತ್ತ ಸುಳ್ಳ ಹೇಳತೈತಿ. ಏರ ಮ್ಯಾಲ ನಿಲ್ಲಸಬ್ಯಾಡ, ಹುಬ್ಬಳ್ಳಿ ಇಲ್ಲೇ ಐತಿ, ಹೊಡೀ" ಎಂದ ಲಕ್ಷ್ಮಣಪ್ಪ.

ನಿಜಾಮಸಾಬ ಅವನ ಮಾತು ಕೇಳಲಿಲ್ಲ. ಬ್ರೇಕ್ ಒತ್ತಿ ಗಾಡಿಯನ್ನು ರಸ್ತೆಯ ಬಾಜು ಹಾಕಿದ. "ಅಕ್ಕಾರ, ಬಂದ್ ಮಾಡ್ರಿ."

"ಬ್ಯಾಡ್ರಿ!" ಎಂದ ಲಕ್ಷ್ಮಣಪ್ಪ.

ರೇವವ್ವ ಒಮ್ಮೆ ಇವನ ಮುಖ ನೋಡಿದಳು, ಒಮ್ಮೆ ಅವನ ಮುಖ ನೋಡಿದಳು. ನಿಜಾಮಸಾಬನ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು, ಕಣ್ಣು ಮುಳ್ಳು ಬಿಟ್ಟು ಕದಲಿರಲಿಲ್ಲ. ಅವಳು ಸೆರಗಿನ ತುದಿ ಸುತ್ತಿಕೊಂಡು ಗುಂಡಿ ಜಗ್ಗಿದಳು.

ಇಂಜಿನ್ನು ನಿಂತ ಮೌನದಲ್ಲಿ ಮೊದಲು ಒಂದು ಸಣ್ಣ ಸೀಟಿ ಕೇಳಿತು. ಆಮೇಲೆ ಲಾರಿಯ ಉದ್ದ ಮೂತಿಯ ಎರಡೂ ಕಡೆಯಿಂದ ಬುಸ್ಸೆಂದು ಬೆಳ್ಳಗೆ ಉಗಿ ನುಗ್ಗಿತು. ನಿಜಾಮಸಾಬ ಕೆಳಗೆ ಜಿಗಿದು ಬಾನೆಟ್ ಎತ್ತಿ ಒಳಗೆ ಇಣುಕಿದ. ಇಂಜಿನ್ನಿಗೆ ಗಾಳಿ ಹೊಡೆಯುವ ಪಂಖದ ಬೆಲ್ಟು ಹರಿದು ಸತ್ತ ಹಾವಿನಂತೆ ಜೋತುಬಿದ್ದಿತ್ತು. ರೇಡಿಯೇಟರಿನೊಳಗೆ ನೀರು ಕೊತಕೊತ ಕುದಿಯುತ್ತಿತ್ತು.

"ಖರೇ ಕುದ್ದೈತ್ರಿ!" ಅವನು ಉಗಿಯೊಳಗಿಂದ ಎರಡೂ ಕೈ ಎತ್ತಿ ಕೂಗಿದ, ಬೀಗರು ಬಂದ ಸುದ್ದಿ ಹೇಳುವವನಂತೆ. "ಅಕ್ಕಾರ, ಬರ್ರಿ ನೋಡ್ರಿ, ಅಗದಿ ಖರೇ ಕುದ್ದೈತಿ!"

ಹಿಂದಿನ ಮಂದಿ ಹಾಡು ನಿಲ್ಲಿಸಿ ಕೆಳಗಿಳಿದು ಸುತ್ತ ನೆರೆದರು. ಲಾರಿ ಕೆಟ್ಟು ನಿಂತದ್ದಕ್ಕೆ ಇಷ್ಟು ಸಂತೋಷಪಡುವ ಡ್ರೈವರನನ್ನು ಅವರು ಕಂಡಿರಲಿಲ್ಲ. ಲಕ್ಷ್ಮಣಪ್ಪ ದೂರದಿಂದಲೇ ಇಂಜಿನ್ನಿನ ತಲೆಯ ಕಡೆ ಅಂಗೈ ಒಡ್ಡಿ ಕಾವು ನೋಡಿದ.

"ಈ ಏರ ಹತ್ತಿಸಿದ್ದಿ ಅಂದ್ರ ಸೀಳತಿತ್ತು" ಎಂದ, ಮೆಲ್ಲಗೆ. ಮತ್ತೆ ಅವಸರವಾಗಿ ಸೇರಿಸಿದ: "ಬೆಲ್ಟು ನನ್ನ ಫಿಟಿಂಗ್ ಅಲ್ಲ. ಅದು ಗುಜರಿಯಿಂದ ಇಂಜಿನ್ ಸಂಗಾಟ ಬಂದದ್ದು."

ಹುಬ್ಬಳ್ಳಿಗೆ ಹೋಗಿ ಬೇರೆ ಬೆಲ್ಟು ತರುವ ಕೆಲಸ ಅವನಿಗೇ ಬಿತ್ತು. ಅಳತೆಗೆ ಬೇಕೆಂದು ಹರಿದ ಬೆಲ್ಟನ್ನು ಕೊರಳಿಗೆ ಹಾಕಿಕೊಂಡ. ಬಂದ ಬಸ್ಸಿಗೆ ಕೈ ಮಾಡಿ, ಮಣ್ಣಿನ ಅಂಗಿಯಲ್ಲಿ, ಕೊರಳಲ್ಲಿ ಕರಿಯ ಹಾರ ಧರಿಸಿ ಅವನು ಮೆಟ್ಟಿಲ ಮೇಲೆ ನಿಂತು ಹೋಗುವುದನ್ನು ನೋಡಿ ರೇವವ್ವನಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಅವಳನ್ನು ನೋಡಿ ಮಹಾದೇವಕ್ಕ ನಕ್ಕಳು, ಅದು ಬಸ್ಸಿನವರಿಗೂ ಕೇಳಿಸಿರಬೇಕು.

ಒಂದು ಮರದ ನೆರಳಲ್ಲಿ ಜಮಖಾನೆ ಹಾಸಿ ಮದುವೆಯ ಬುತ್ತಿ ಬಿಚ್ಚಿದರು. ರೇವವ್ವ ಎಲೆಯಲ್ಲಿ ಉಂಡಿ ಇಟ್ಟುಕೊಂಡು ಲಾರಿಯ ಹತ್ತಿರ ಹೋದಳು. ನಿಜಾಮಸಾಬ ನೀರು ತುಂಬಿದ ಕೊಡ ಕಾಲ ಬಳಿ ಇಟ್ಟುಕೊಂಡು ಬಂಪರಿನ ಮೇಲೆ ಕೂತಿದ್ದ.

"ಬಾ, ಉಂಡ ಬಿಡು ಮೊದಲ. ನೀರ ಆಮ್ಯಾಲ ಹಾಕೀಯಂತ."

"ನೀವ ಉಣ್ರಿ ಅಕ್ಕಾರ. ಕುದ್ದ ಇಂಜಿನ್ನಿಗೆ ಒಮ್ಮೆಲೆ ತಣ್ಣೀರ ಹಾಕಬಾರದು. ತಾನ ಆರಲಿ. ನಾ ಇಲ್ಲೇ ಕುಂತಿರತೇನಿ" ಎಂದು ಅವನು ಉಂಡಿ ಇಸಿದುಕೊಂಡು, ಅರ್ಧ ಮುರಿದು ಬಾಯಿಗೆ ಹಾಕಿ, ಉಗಿ ಇಳಿಯುವುದನ್ನು ನೋಡುತ್ತ ಕೂತ.